ತೊಟ್ಟಿಲ ಕೌದಿಯ ತವರು ಯಾವುದು?

ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಿತವಲ್ಲ ಎಂಬುದು ಹಿರಿಯ ಹೆಂಗಸರ ಅನುಭವದ ಮಾತು. ಅಂಗಡಿ ಬಟ್ಟೆಯ ಗಂಜಿ ಎಳೆಯ ಮೈಗೆ ಒಗ್ಗುವುದಿಲ್ಲ. ನೂರಾರು ಸಲ ನೀರು ಕಂಡು, ನೂಲಿನ ಬಿಗಿಯೆಲ್ಲ ಸಡಿಲಾದ ಅಜ್ಜಿಯ ಹತ್ತಿ ಸೀರೆಯೇ ಬೇಕು. ಅದು ತೇವ ಹೀರುತ್ತದೆ, ಬೇಗ ಒಣಗುತ್ತದೆ. ಅಂಥ ಸೀರೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನೂ ಪಟ್ಟಿಗಳನ್ನೂ ಇಟ್ಟು ಕೈಯಿಂದ ಹೊಲಿದರೆ ಅದು ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಾಸಲಿಕ್ಕೂ ಅದೇ, ಹೊದೆಯಲಿಕ್ಕೂ ಅದೇ. ಅದರ ಮರಿ ತೊಟ್ಟಿಲಿಗೆ.

ಈ ಮರಿ ಕೌದಿಯ ಒಂದು ಬಗೆ ಕಳೆದ ಎರಡು ದಶಕಗಳಲ್ಲಿ ಕಡಲಾಚೆ ಹೆಸರು ಮಾಡಿದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಮುಂಡಗೋಡ, ಯಲ್ಲಾಪುರ ಸುತ್ತಿನ ಸಿದ್ದಿ ಮಹಿಳೆಯರು ಹೊಲಿಯುವ ಇದನ್ನು ಅವರು ಕವಂದಿ ಎನ್ನುತ್ತಾರೆ. ಹೆಸರು ಬಂದ ಜೊತೆಗೇ ಒಂದು ಪ್ರಶ್ನೆಯೂ ಬಂದಿದೆ. ಇದು ಆಫ್ರಿಕದ ಕಲೆಯೋ, ಕನ್ನಡ ನಾಡಿನದೋ?

ಕೇಳಲು ಪಂಡಿತರ ತಂಟೆಯಂತೆ ಕಾಣುವ ಈ ಪ್ರಶ್ನೆಯ ಹಿಂದೆ ಒಂದು ಸಮುದಾಯದ ಬದುಕಿದೆ. ಸಿದ್ದಿಗಳ ಪೂರ್ವಜರಲ್ಲಿ ಬಹುಪಾಲು ಜನ ಪೂರ್ವ ಆಫ್ರಿಕದವರು. 16ನೇ ಶತಮಾನದಿಂದ ಪೋರ್ಚುಗೀಸರು ಅವರನ್ನು ಗುಲಾಮರಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ತಲೆಮಾರುಗಳು ಉರುಳಿವೆ, ಹಿಂದೂಗಳಾಗಿ, ಮುಸ್ಲಿಮರಾಗಿ, ಕ್ರೈಸ್ತರಾಗಿ, ಕೊಂಕಣಿ ಕನ್ನಡ ಆಡುತ್ತ ಬಾಳುತ್ತಿದ್ದಾರೆ. ಆದರೂ ಬಸ್ಸಿನಲ್ಲಿ ಪಕ್ಕ ಕುಳಿತವರು ‘ಯಾವ ದೇಶ?’ ಎಂದು ಕೇಳುವುದು ನಿಂತಿಲ್ಲ. ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳವರು 2020ರವರೆಗೆ ಕಾಯಬೇಕಾಯಿತು.

2004ರ ಸುಮಾರಿಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಊರುಗಳಲ್ಲಿ ಓಡಾಡಿದರು. ಅವರ ನೆರವಿನಿಂದ ಮಹಿಳೆಯರ ಸಹಕಾರಿ ಕೂಟವೊಂದು ಹುಟ್ಟಿತು. ಮನೆಯ ಚಿಂದಿಗೆ ಬೆಲೆ ಬಂತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನವಾಯಿತು. ಅಲ್ಲಿನ ನೋಡುಗರ ಕಣ್ಣಿಗೆ ಇವು ಎಲ್ಲೋ ನೋಡಿದ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಯಾಕೆಂದರೆ ಅವರ ದೇಶದಲ್ಲೇ ಇಂಥದೊಂದು ಊರಿದೆ.

ಅಲಬಾಮ ರಾಜ್ಯದಲ್ಲಿ ಹೊಳೆಯ ತಿರುವಿನಲ್ಲಿರುವ ಆ ಊರು ಗೀಸ್ ಬೆಂಡ್. ಹಿಂದೆ ಅದು ಹತ್ತಿ ತೋಟ. ದುಡಿದವರು ಆಫ್ರಿಕನ್ ಗುಲಾಮರು. ಪೆಟ್ವೇ ಎಂಬ ಒಡೆಯನ ಹೆಸರೇ ಅಲ್ಲಿನ ಎಷ್ಟೋ ಮನೆಗಳಿಗೆ ಇಂದಿಗೂ ಅಡ್ಡಹೆಸರು. ಅಲ್ಲಿನ ಹೆಂಗಸರು ಹೊಲದಲ್ಲಿ ಉಟ್ಟು ಸವೆದ ಬಟ್ಟೆಗಳಿಂದ, ಹಿಟ್ಟಿನ ಚೀಲಗಳಿಂದ ಹೊದಿಕೆ ಹೊಲಿದರು. 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಮ್ಯೂಸಿಯಂ ಅವನ್ನು ಗೋಡೆಗೆ ಏರಿಸಿತು. 2006ರಲ್ಲಿ ಅಂಚೆ ಚೀಟಿಗಳೂ ಬಂದವು. ಉದ್ದುದ್ದ ಪಟ್ಟಿಗಳನ್ನು ಪಕ್ಕಪಕ್ಕಕ್ಕೆ ಜೋಡಿಸುವ ಒಂದು ಸರಳ ವಿನ್ಯಾಸವನ್ನು ಅಲ್ಲಿ ‘ಸೋಮಾರಿ ಹುಡುಗಿ’ ಎಂದು ತಮಾಷೆಯಾಗಿ ಕರೆಯುತ್ತಾರೆ. ಮಗುವಿನ ಹೊದಿಕೆ ಹೊಲಿಯಲು ಕಲಿಯುವವರಿಗೆ ಇದಕ್ಕಿಂತ ಹಗುರವಾದ ದಾರಿ ಬಹುಶಃ ಇಲ್ಲ.

ಗೀಸ್ ಬೆಂಡಿನ ಹೊದಿಕೆ, ಹಳಿಯಾಳದ ಕವಂದಿ ಎರಡನ್ನೂ ಒಟ್ಟಿಗೆ ಇಟ್ಟರೆ ಅಕ್ಕತಂಗಿಯರಂತೆ ಕಾಣುತ್ತವೆ. ಅದೇ ಗಾಢ ಬಣ್ಣ, ಅದೇ ಓರೆಕೋರೆ ಸಾಲು. ಆಫ್ರಿಕದ ನೆನಪು ರಕ್ತದಲ್ಲಿ ಹರಿದು ಬಂದಿದೆ ಎಂದು ಹೇಳಿಬಿಡುವುದು ಸುಲಭ. ಅವಸರ ಬೇಡ, ಹೊಲಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಗೀಸ್ ಬೆಂಡಿನಲ್ಲಿ ಮೊದಲು ತುಂಡುಗಳನ್ನು ಒಂದಕ್ಕೊಂದು ಹೊಲಿದು ಮೇಲುಹಾಸನ್ನು ಸಿದ್ಧಮಾಡುತ್ತಾರೆ. ಅದರ ಕೆಳಗೆ ಹತ್ತಿ, ಅದರಡಿ ಇನ್ನೊಂದು ಬಟ್ಟೆ ಇಟ್ಟು ಮೂರನ್ನೂ ಸೇರಿಸಿ ಮತ್ತೆ ಹೊಲಿಯುತ್ತಾರೆ. ಸಿದ್ದಿ ಮಹಿಳೆ ಹೀಗೆ ಮಾಡುವುದಿಲ್ಲ. ಹಳೆ ಸೀರೆಯನ್ನು ತಳಕ್ಕೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ತುಂಡಿನ ಅಂಚನ್ನು ಒಳಕ್ಕೆ ಮಡಚಿ ನೇರವಾಗಿ ತಳಕ್ಕೇ ಹೊಲಿಯುತ್ತಾಳೆ. ಆ ತುಂಡು ಮುಗಿಯುವಲ್ಲಿ ಇನ್ನೊಂದು ಕೂಡುತ್ತದೆ. ನಾಲ್ಕು ಅಂಚೂ ಸುತ್ತಿ ಬಂದ ಮೇಲೆ ಎರಡನೆಯ ಸುತ್ತು, ಮೂರನೆಯ ಸುತ್ತು. ಹೊರಗಿನಿಂದ ಒಳಕ್ಕೆ ಸುತ್ತುತ್ತ ಹೊಲಿಗೆ ನಡುವಿನಲ್ಲಿ ಮುಗಿಯುತ್ತದೆ. ಜೋಡಣೆ, ಅಲಂಕಾರ, ಗಟ್ಟಿ ಹೊಲಿಗೆ ಮೂರೂ ಒಂದೇ ದಾರದಲ್ಲಿ ಆಗುತ್ತವೆ. ಮುಂಚಿತವಾಗಿ ನಕ್ಷೆ ಇಲ್ಲ, ಅಳತೆಪಟ್ಟಿ ಇಲ್ಲ. ಕೈಗೆ ಸಿಕ್ಕ ತುಂಡೇ ಮುಂದಿನ ಬಣ್ಣ. ನಡುವಿನ ಕೊನೆಯ ತುಂಡು ಮುಚ್ಚುವ ಮುಂಚೆ ಕೆಲವರು ಒಳಗೆ ನಾಲ್ಕು ಅಕ್ಕಿಕಾಳು ಹಾಕುವುದುಂಟು. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು ಕೂರಿಸುತ್ತಾರೆ. ಅದಕ್ಕೆ ಫುಲಾ ಎಂದು ಹೆಸರು. ಫುಲಾ ಇಲ್ಲದ ಕವಂದಿ ಅವರ ಪ್ರಕಾರ ಬತ್ತಲೆ. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಕಾಣುವುದುಂಟು. ಕೂಸಿನ ಕವಂದಿಗೆ ಬಣ್ಣ ಹೆಚ್ಚು, ತುಂಡುಗಳು ಚಿಕ್ಕವು.

ಭೂಗೋಳವೂ ಅವಸರದ ತೀರ್ಮಾನಕ್ಕೆ ಒಪ್ಪುವುದಿಲ್ಲ. ಅಮೆರಿಕದ ಪಟ್ಟಿ ಹೊದಿಕೆಗೆ ಕೆಲ ವಿದ್ವಾಂಸರು ಹುಡುಕುವ ಮೂಲ ಪಶ್ಚಿಮ ಆಫ್ರಿಕ. ಅಲ್ಲಿ ಕಿರಿದಾದ ಮಗ್ಗದಲ್ಲಿ ಪಟ್ಟಿ ನೇಯ್ದು, ಪಟ್ಟಿಗೆ ಪಟ್ಟಿ ಹೊಲಿದು ದೊಡ್ಡ ಬಟ್ಟೆ ಮಾಡುವ ಪದ್ಧತಿಯಿದೆ. ನಮ್ಮ ಸಿದ್ದಿಗಳ ಹಿರಿಯರು ಬಂದದ್ದು ಖಂಡದ ಇನ್ನೊಂದು ದಂಡೆಯಿಂದ. ಎರಡರ ನಡುವೆ ಸಾವಿರಾರು ಮೈಲಿಗಳ ಅಂತರ.

ಇತ್ತ ನಮ್ಮ ನೆಲದಲ್ಲೇ ಹುಡುಕಿದರೆ ಸಾಕ್ಷಿಗಳಿಗೆ ಬರವಿಲ್ಲ. ಮರಾಠಿ ಮನೆಗಳ ಗೋಧಡಿ, ಬಂಗಾಳದ ಕಾಂಥಾ, ಸಿಂಧಿನ ರಲ್ಲಿ, ಇವೆಲ್ಲ ಹಳೆ ಬಟ್ಟೆಯ ಪದರಗಳ ಮೇಲೆ ನಡೆದ ಸೂಜಿಯ ಕೆಲಸವೇ. ಬಿಹಾರದ ಸುಜನಿಯಂತೂ ಹುಟ್ಟಿದ ಮಗುವಿಗೆಂದೇ ಹಳೆ ಸೀರೆ ಧೋತ್ರಗಳಿಂದ ಹೊಲಿಯುತ್ತಿದ್ದ ಬಟ್ಟೆ. ಇನ್ನೂ ಹಿಂದಕ್ಕೆ ಹೋದರೆ ಬೌದ್ಧರ ವಿನಯ ಪಿಟಕದಲ್ಲಿ ಒಂದು ಪ್ರಸಂಗವಿದೆ. ಮಗಧದ ಗದ್ದೆಗಳ ಬದುಗಳನ್ನು ತೋರಿಸಿದ ಬುದ್ಧ, ಭಿಕ್ಷುಗಳ ಚೀವರವನ್ನು ಅದೇ ವಿನ್ಯಾಸದಲ್ಲಿ ಹೊಲಿಯಲಾದೀತೇ ಎಂದು ಆನಂದನನ್ನು ಕೇಳಿದನಂತೆ. ಭಿಕ್ಷುವಿನ ಬಟ್ಟೆ ಇಂದಿಗೂ ತುಂಡು ತುಂಡು ಜೋಡಿಸಿದ್ದೇ.

ಹಾಗಾದರೆ ಸಿದ್ದಿಗಳ ಕೈಯಲ್ಲಿ ಆಫ್ರಿಕದ್ದು ಏನೂ ಉಳಿದಿಲ್ಲವೆ? ಹಾಗೆ ಹೇಳಲೂ ಬಾರದು. ಬಣ್ಣ ಆರಿಸುವ ಧೈರ್ಯದಲ್ಲಿ, ಸಾಲು ಮುರಿಯುವ ಲಯದಲ್ಲಿ ಡ್ರೂವಲ್ ಆಫ್ರಿಕದ ಸಂಬಂಧ ಕಂಡಿದ್ದಾರೆ. ಅವರು ಆ ಕಲೆಯನ್ನು ಬಲ್ಲವರು. ಆದರೆ ನನಗೆ ಅನ್ನಿಸುವುದು ಇಷ್ಟು. ಗುಲಾಮರಾಗಿ ಬಂದವರಿಗೆ ಗಂಟುಮೂಟೆ ಕಟ್ಟಿಕೊಳ್ಳುವ ಅವಕಾಶವಿರಲಿಲ್ಲ. ಕವಂದಿಯ ತಳದಲ್ಲಿರುವ ಸೀರೆ ಇಲ್ಲಿನದು, ಪದರ ಹಾಕುವ ವಿಧಾನ ನೆರೆಹೊರೆಯದು, ಚಳಿ ಘಟ್ಟದ್ದು. ಅಲಬಾಮದಲ್ಲೂ ಹಳಿಯಾಳದಲ್ಲೂ ಬಟ್ಟೆ ಕೊಳ್ಳಲು ಕಾಸಿಲ್ಲದ ಹೆಂಗಸರು ಇದ್ದಬದ್ದ ಚಿಂದಿಯನ್ನು ಬೆಚ್ಚಗಿನ ಹೊದಿಕೆ ಮಾಡಿದರು ಎಂಬುದೇ ಆ ಹೋಲಿಕೆಯ ದೊಡ್ಡ ಪಾಲಿಗೆ ಕಾರಣವಿರಬಹುದು. ಮುಖ ನೋಡಿ ‘ಯಾವ ದೇಶ?’ ಎನ್ನುವವರು ಬಟ್ಟೆ ನೋಡಿಯೂ ಅದನ್ನೇ ಕೇಳಿದರೆ, ಇಷ್ಟು ತಲೆಮಾರುಗಳ ಇಲ್ಲಿನ ಬದುಕು ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಈಗಿನ ತೊಂದರೆ ಬೇರೆ. ದಿನಬಳಕೆಗೆ ಪಾಲಿಯೆಸ್ಟರ್ ಸೀರೆ ಬಂದು ಹತ್ತಿ ಸೀರೆ ಮನೆಗಳಲ್ಲಿ ವಿರಳವಾಗಿದೆ. ಪಾಲಿಯೆಸ್ಟರ್ ಸವೆಯುವುದಿಲ್ಲ, ಮೆತ್ತಗಾಗುವುದಿಲ್ಲ, ಕೂಸಿನ ತೇವವನ್ನೂ ಹೀರುವುದಿಲ್ಲ. ಅದರ ತುಂಡುಗಳು ಮೇಲಿನ ಬಣ್ಣಕ್ಕೇನೋ ಆದಾವು. ತಳಕ್ಕೆ ಮಾತ್ರ ಅಜ್ಜಿಯ ಪೆಟ್ಟಿಗೆಯನ್ನೇ ತೆಗೆಯಬೇಕು.