ಕೊಯಮತ್ತೂರು, ತಿರುಪ್ಪೂರಿನ ಔಷಧ ಅಂಗಡಿ: ನಿಯಮ ಎಲ್ಲಿಯವರೆಗೆ ಬಂತು?

ವಾಲ್ಪಾರೈ ಹತ್ತಿರ, ಆನೆಮಲೆಯ ಚಹಾ ತೋಟಗಳ ನಡುವೆ ಸಿಂಕೋನಾ ಎಂಬ ಊರಿದೆ. ಮಲೇರಿಯಾಕ್ಕೆ ಬೇಕಾದ ಕ್ವಿನೈನ್‌ಗಾಗಿ ಸರ್ಕಾರವೇ ಅಲ್ಲಿ ಸಿಂಕೋನಾ ಮರ ಬೆಳೆಸುತ್ತಿದ್ದ ಕಾಲದಿಂದ ಉಳಿದ ಹೆಸರದು. ಆ ಕಾಲದಲ್ಲೇ ದೇಶದ ಪೇಟೆಗಳಲ್ಲಿ ಸತ್ವವಿಲ್ಲದ ಕ್ವಿನೈನ್ ಮಾರಾಟವಾಗುತ್ತಿತ್ತು. ಕಲಬೆರಕೆಯ ದೂರುಗಳು ಹೆಚ್ಚಿ, 1930ರಲ್ಲಿ ರಾಮನಾಥ್ ಚೋಪ್ರಾ ಅಧ್ಯಕ್ಷತೆಯ ವಿಚಾರಣಾ ಸಮಿತಿ ನೇಮಕವಾಯಿತು. 1940ರ ಔಷಧ ಕಾಯ್ದೆ, 1945ರ ನಿಯಮಗಳು, 1948ರ ಫಾರ್ಮಸಿ ಕಾಯ್ದೆ ಇವೆಲ್ಲದರ ಬೇರು ಆ ಸಮಿತಿಯ ವರದಿಯಲ್ಲಿದೆ.

ಇಂದು ಕೊಯಮತ್ತೂರಿನ ಗಾಂಧಿಪುರದಲ್ಲಾಗಲಿ ತಿರುಪ್ಪೂರಿನ ಕಡೆಯ ಅವಿನಾಶಿಯಲ್ಲಾಗಲಿ ಮೆಡಿಕಲ್ ಶಾಪ್ ತೆರೆಯುವವರು ಅದೇ ನಿಯಮಗಳಿಗೆ ಒಳಪಟ್ಟವರು. ಕನಿಷ್ಠ 10 ಚದರ ಮೀಟರ್ ಜಾಗ ಬೇಕು, ಫ್ರಿಜ್ ಬೇಕು, ವೈದ್ಯರ ಚೀಟಿಯ ಮೇಲೆ ಕೊಡುವ ಔಷಧ ನೋಂದಾಯಿತ ಫಾರ್ಮಸಿಸ್ಟರ ಕಣ್ಣೆದುರಿಗೇ ಗಿರಾಕಿಯ ಕೈಸೇರಬೇಕು. ಈ ಕೊನೆಯ ಷರತ್ತೇ ಎಲ್ಲಕ್ಕಿಂತ ಮುಖ್ಯ, ಹೆಚ್ಚು ಮುರಿಯುವುದೂ ಅದನ್ನೇ. ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟ್, ಕೌಂಟರಿನಲ್ಲಿ ಇನ್ನೊಬ್ಬರು ಎಂಬುದು ದೇಶದ ಉದ್ದಗಲಕ್ಕೂ ಇರುವ ರೋಗ.

ಮುಂದಿನ ನಿಯಮಗಳನ್ನು ಬಹುಪಾಲು ಸಾವುಗಳೇ ಬರೆಸಿದವು. 1972ರಲ್ಲಿ ಮದ್ರಾಸಿನಲ್ಲಿ 14 ಮಕ್ಕಳು ಡೈಎಥಿಲೀನ್ ಗ್ಲೈಕಾಲ್ ಬೆರೆತ ಔಷಧದಿಂದ ತೀರಿಕೊಂಡರು. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಅದೇ ವಿಷ ಗ್ಲಿಸರಿನ್ ಮೂಲಕ ಬಂದು 14 ಜನರನ್ನು ಕೊಂದಿತು. ಇಷ್ಟಾದ ಮೇಲೂ 2025ರಲ್ಲಿ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಕೋಲ್ಡ್ರಿಫ್ ಕೆಮ್ಮಿನ ಸಿರಪ್ಪು ಮಧ್ಯಪ್ರದೇಶದ ಛಿಂದ್ವಾಡದ ಮಕ್ಕಳ ಜೀವ ತೆಗೆಯಿತು. ಶೇ. 0.1 ಮೀರಬಾರದ ಅದೇ ವಿಷ ತಮಿಳುನಾಡಿನ ಪರೀಕ್ಷೆಯಲ್ಲಿ ಶೇ. 48.6ರಷ್ಟು ಸಿಕ್ಕಿತು. ಇಂಥದ್ದನ್ನು ಮೂಸಿ ನೋಡಿ ಕಂಡುಹಿಡಿಯಲು ಯಾವ ಅಂಗಡಿಯವರಿಗೂ ಆಗದು. ಅವರ ಕೈಯಲ್ಲಿರುವುದು ಬಿಲ್ಲು ಮತ್ತು ಬ್ಯಾಚ್ ನಂಬರ್. ಬಿಲ್ಲು ಪಡೆದು ಕೊಂಡವರು ನಿಷೇಧದ ಆದೇಶ ಬಂದ ದಿನವೇ ಆ ಬಾಟಲಿಗಳನ್ನು ಬೇರೆ ಎತ್ತಿಡಬಲ್ಲರು. ಬಿಲ್ಲಿಲ್ಲದೆ ಕೊಂಡವರಿಗೆ ಯಾವುದನ್ನು ಎತ್ತಿಡಬೇಕೆಂಬುದೇ ತಿಳಿಯದು.

ಫ್ರಿಜ್‌ನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಫ್ರೀಜರಿಗೆ ಅಂಟಿಸಿಟ್ಟು ಹೆಪ್ಪುಗಟ್ಟಿತೋ, ಕರಗಿಸಿದರೂ ಅದು ಕೆಲಸಕ್ಕೆ ಬಾರದು. ಕೆಟ್ಟಿದೆಯೆಂದು ನೋಡಿದಾಕ್ಷಣ ಹೇಳಲೂ ಆಗದಿರಬಹುದು. 2012ರ ಸುಮಾರಿಗೆ ತಮಿಳುನಾಡಿನಲ್ಲಿ ದಿನಕ್ಕೆ ಹತ್ತು ಗಂಟೆ ಮೀರಿ ಕರೆಂಟ್ ಹೋಗುತ್ತಿದ್ದಾಗ ಕೊಯಮತ್ತೂರಿನ ಪಂಪ್ ಕಾರ್ಖಾನೆಗಳ, ತಿರುಪ್ಪೂರಿನ ಬನಿಯನ್ ಘಟಕಗಳ ನಷ್ಟ ಸುದ್ದಿಯಾಯಿತು. ಔಷಧ ಅಂಗಡಿಯ ಫ್ರಿಜ್‌ಗೂ ಅದೇ ಕರೆಂಟು. ಲೈಸೆನ್ಸಿಗೆ ಫ್ರಿಜ್ ಇದ್ದರೆ ಸಾಲದು. ಒಳಗೊಂದು ಥರ್ಮಾಮೀಟರ್, ಬೆಳಿಗ್ಗೆ ಸಂಜೆ ಉಷ್ಣತೆ ಬರೆದಿಡುವ ಪುಸ್ತಕ, ಹಿಂದೊಂದು ಇನ್ವರ್ಟರ್ ಇದ್ದರೆ ಮಾತ್ರ ಸಕ್ಕರೆ ಕಾಯಿಲೆಯವರು ಆ ಅಂಗಡಿಯನ್ನು ನಂಬಬಹುದು.

2014ರ ಮಾರ್ಚ್‌ನಲ್ಲಿ ಔಷಧ ನಿಯಮಗಳ ಎಚ್1 ಪಟ್ಟಿ ಜಾರಿಗೆ ಬಂತು. ಕ್ಷಯದ ಔಷಧ, ಪ್ರಬಲ ಆ್ಯಂಟಿಬಯೋಟಿಕ್, ಕೆಲವು ನಿದ್ರೆಮಾತ್ರೆಗಳನ್ನು ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣವನ್ನು ಒಂದು ಪುಸ್ತಕದಲ್ಲಿ ಬರೆದು ಅದನ್ನು 3 ವರ್ಷ ಕಾಪಾಡಬೇಕು. 2023ರ ಆಗಸ್ಟ್‌ನಿಂದ 300 ಔಷಧ ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಯಿತು.

ಇಷ್ಟೆಲ್ಲ ನಿಯಮಗಳು ಡಬ್ಬಿಯ ಮೇಲೆ, ಬೀರುವಿನ ಮೇಲೆ, ಪುಸ್ತಕದ ಮೇಲೆ ಬಂದವು. ಔಷಧ ತಿನ್ನುವವರೊಡನೆ ಆಡಬೇಕಾದ ಮಾತು ಮಾತ್ರ ತಡವಾಗಿ ಬಂತು. ಅದನ್ನು ತಂದುದರಲ್ಲಿ ನಮ್ಮ ಕನ್ನಡಿಗರ ಪಾಲೂ ಇದೆ. ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆ ಮೈಸೂರಿನಲ್ಲೂ ಕೊಯಮತ್ತೂರಿನ ನೆರೆಯ ಊಟಿಯಲ್ಲೂ ನಡೆಸುವ ಫಾರ್ಮಸಿ ಕಾಲೇಜುಗಳು 1990ರ ದಶಕದ ಉತ್ತರಾರ್ಧದಲ್ಲೇ ವಿದ್ಯಾರ್ಥಿಗಳನ್ನು ಆಸ್ಪತ್ರೆಯ ವಾರ್ಡಿಗೆ ಕರೆದೊಯ್ದು ರೋಗಿಯೊಡನೆ ಮಾತಾಡುವುದನ್ನು ಕಲಿಸಿದವು. 2008ರಲ್ಲಿ ಫಾರ್ಮ್‌ಡಿ (ಡಾಕ್ಟರ್ ಆಫ್ ಫಾರ್ಮಸಿ) ಪದವಿ ಬಂತು, 2015ರ ವೃತ್ತಿ ನಿಯಮಾವಳಿ ರೋಗಿಗೆ ತಿಳಿಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದಿತು.

ತಿರುಪ್ಪೂರಿನಲ್ಲಿ ಇದರ ತುರ್ತು ಕಣ್ಣಿಗೆ ರಾಚುತ್ತದೆ. ಒಡಿಶಾ, ಬಿಹಾರ, ಜಾರ್ಖಂಡ್‌ನಿಂದ ಬಂದ ಕಾರ್ಮಿಕರು ಪಾಳಿ ಮುಗಿಸಿ ಅಂಗಡಿಗೆ ಬರುತ್ತಾರೆ. ಜ್ವರ, ಮೈಕೈ ನೋವು ಎಂದರೆ ಬೇರೆ ಬೇರೆ ಸ್ಟ್ರಿಪ್‌ಗಳಿಂದ ಕತ್ತರಿಸಿದ ನಾಲ್ಕೈದು ಮಾತ್ರೆಗಳ ಒಂದು 'ಸೆಟ್' ಚಿಕ್ಕ ಕವರಿನಲ್ಲಿ ಕೈಗೆ ಬರುವ ರೂಢಿ ತಮಿಳುನಾಡಿನಲ್ಲಿ ಹಳೆಯದು. ಕತ್ತರಿಸಿದ ತುಂಡಿನಲ್ಲಿ ಎಕ್ಸ್‌ಪೈರಿ ತಾರೀಖಿಲ್ಲ, ಬ್ಯಾಚ್ ನಂಬರಿಲ್ಲ, ಕ್ಯೂಆರ್ ಕೋಡೂ ಇಲ್ಲ. ಹೊಟ್ಟೆಹುಣ್ಣಿದೆಯೇ, ಬಸುರಿಯೇ, ಬೇರೆ ಮಾತ್ರೆ ನಡೆಯುತ್ತಿದೆಯೇ ಎಂದು ಕೇಳಿದವರೂ ಇಲ್ಲ. ತಿಳಿಹೇಳುವ ಮಾತು ಬೇಕಾದವರು ವಲಸೆ ಬಂದವರಷ್ಟೇ ಅಲ್ಲ: ಕೊಯಮತ್ತೂರಿನ ನೇಕಾರ ದೇವಾಂಗರ ಮನೆಗಳಲ್ಲಿ ಇನ್ನೂ ಕನ್ನಡವಾಡುವ ಹಿರಿಯರಿದ್ದಾರೆ. ಅವರಲ್ಲಿ ಓದು ಬಾರದ ಅಜ್ಜಿಗೆ, ಬೆಳಿಗ್ಗೆ ಒಂದು ರಾತ್ರಿ ಒಂದು ಎಂದು ಕವರಿನ ಮೇಲೆ ಬರೆಯುವ '1-0-1' ಏನು ಹೇಳೀತು? ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರನ ಚಿತ್ರ ಬರೆದು, ಊಟಕ್ಕೆ ಮೊದಲೋ ನಂತರವೋ ಎಂದು ಅವರ ಬಾಯಿಂದಲೇ ಹೇಳಿಸಿಕೊಂಡರೆ ಎರಡು ನಿಮಿಷ ಹಿಡಿದೀತು. ಡ್ರಗ್ಸ್ ಇನ್‌ಸ್ಪೆಕ್ಟರ್ ಫ್ರಿಜ್ ತೆರೆದು ನೋಡುವಷ್ಟೇ ಕಟ್ಟುನಿಟ್ಟಾಗಿ ಈ ಎರಡು ನಿಮಿಷವನ್ನೂ ನೋಡಬೇಕೆಂಬುದು ನನ್ನ ಆಗ್ರಹ. ಔಷಧದಿಂದ ತೊಂದರೆಯಾದರೆ ತಿಳಿಸಲು ರಾಷ್ಟ್ರೀಯ ಸಹಾಯವಾಣಿಯಿದೆ: 1800-180-3024. ಕರೆಗೆ ಹಣವಿಲ್ಲ, ಅದನ್ನೂ ಆ ಕವರಿನ ಹಿಂದೆಯೇ ಅಚ್ಚು ಹಾಕಿಸಬಹುದು.