ದೊರೆತನವಿಲ್ಲದ ನಾಡಿನ ಜಯ



ಗುಬ್ಬಿಯ ಕೆರೆಯ ನೀರು ತುಂಬುವುದುಂಟು, ಬತ್ತುವುದೂ ಉಂಟು. ಹೆಪ್ಪುಗಟ್ಟುವುದು ಮಾತ್ರ ಇಲ್ಲ. ಹೀಗಿರಲು, ಕೆರೆಯ ನೀರು ಚಪ್ಪಡಿಯಂತೆ ಗಟ್ಟಿಯಾಗಿ ಅದರ ಮೇಲೆ ಜನರು ಹಾಕಿಯಾಡುವ ದೂರದೇಶಗಳ ವೃತ್ತಾಂತದಿಂದ ನಮಗೇನು ಪ್ರಯೋಜನವೆಂದು ತಾವು ಕೇಳಬಹುದು. ಪ್ರಯೋಜನವುಂಟು. ಆ ವೃತ್ತಾಂತದ ತಿರುಳು ಮಂಜುಗಡ್ಡೆಯಲ್ಲ, ಹೆಸರು. ಒಂದು ನಾಡು ತನ್ನ ಹೆಸರನ್ನು ಹತ್ತು ಜನರ ಮುಂದೆ ಹೇಳಿಕೊಳ್ಳುವ ಅಧಿಕಾರವನ್ನು ಯಾರಿಂದ ಪಡೆಯುತ್ತದೆ ಎಂಬುದೇ ಅಲ್ಲಿಯ ಪ್ರಶ್ನೆ.

ಗುಬ್ಬಿಯವರಿಗೆ ಈ ಪ್ರಶ್ನೆ ಹೊಸದಲ್ಲ. 1884ರಲ್ಲಿ ಇಲ್ಲಿ ಹುಟ್ಟಿ, 1917ರಿಂದ ವೀರಣ್ಣನವರ ಯಜಮಾನಿಕೆಯಲ್ಲಿ ಬೆಳೆದ ನಾಟಕ ಮಂಡಳಿಯು ಡೇರೆ ಹಾಕಿದೆಡೆಯೆಲ್ಲ ಈ ಊರಿನ ಹೆಸರನ್ನು ನಿಲ್ಲಿಸಿ ಬಂದಿತು. ಆ ಕೀರ್ತಿಯನ್ನು ಗುಬ್ಬಿಗೆ ಯಾವ ಸರ್ಕಾರದ ಆಜ್ಞೆಯೂ ತಂದುಕೊಟ್ಟುದಲ್ಲ, ಆಡುವವರು ತಂದುಕೊಟ್ಟುದು. ಯೂರೋಪಿನಲ್ಲಿಯೂ ಹೀಗೆಯೇ ಆಡುವವರಿಂದ ಹೆಸರನ್ನು ಉಳಿಸಿಕೊಂಡ ನಾಡೊಂದುಂಟು. ಅದು ಬೊಹೀಮಿಯಾ.

ಮೊದಲು ಆಟದ ಪರಿಚಯವಾಗಲಿ. ಐಸ್ ಹಾಕಿಯಲ್ಲಿ ಚೆಂಡಿಲ್ಲ. ರಬ್ಬರಿನ ಗಟ್ಟಿಯಾದ ಬಿಲ್ಲೆಯುಂಟು. ಆಟಗಾರರು ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ತೊಟ್ಟು ಮಂಜುಗಡ್ಡೆಯ ಮೇಲೆ ಜಾರುತ್ತ, ನೀಳವಾದ ಕೋಲಿನಿಂದ ಆ ಬಿಲ್ಲೆಯನ್ನು ಎದುರಾಳಿಗಳ ಗೋಲಿನೊಳಕ್ಕೆ ತಳ್ಳುವರು. ಇಂದು ಪಕ್ಷವೊಂದಕ್ಕೆ ಆರು ಮಂದಿ ಕಣದಲ್ಲಿರುತ್ತಾರೆ. ನಾವು ಹೇಳುತ್ತಿರುವ ಕಾಲದಲ್ಲಿ ಏಳು ಮಂದಿ ಇರುತ್ತಿದ್ದರು. ಈ ಆಟವು ಕೆನಡಾದಲ್ಲಿ ರೂಪುಗೊಂಡು ಯೂರೋಪಿಗೆ ಬಂದಿತು. 1908ರ ಮೇ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. 1910ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಲೆ ಸಾವಾಂ ಎಂಬ ಬೆಟ್ಟದೂರಿನಲ್ಲಿ ಯೂರೋಪಿನ ಪ್ರಥಮ ಚಾಂಪಿಯನ್ ಪಂದ್ಯಾವಳಿ ನಡೆದು, ಬ್ರಿಟನ್ ಜಯಶಾಲಿಯಾಯಿತು.

ಬೊಹೀಮಿಯಾ ಎಂಬುದು ಪ್ರಾಗ್ ನಗರವನ್ನು ರಾಜಧಾನಿಯಾಗಿ ಉಳ್ಳ ಪುರಾತನವಾದ ರಾಜ್ಯ. 1526ರಲ್ಲಿ ಅದು ಹ್ಯಾಬ್ಸ್‌ಬರ್ಗ್ ವಂಶದ ಕೈಸೇರಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ಸೈನ್ಯ, ನಾಣ್ಯ, ಪರರಾಷ್ಟ್ರ ವ್ಯವಹಾರ ಇವೆಲ್ಲವೂ ವಿಯೆನ್ನಾ ನಗರದ ಚಕ್ರವರ್ತಿಯ ವಶದಲ್ಲಿದ್ದವು. ಆದರೂ ಐಸ್ ಹಾಕಿಯ ಸಂಘವು 1908ರಲ್ಲಿಯೇ ಬೊಹೀಮಿಯಾವನ್ನು ಅದರ ಸ್ವಂತ ಹೆಸರಿನಲ್ಲಿ ಸದಸ್ಯನನ್ನಾಗಿ ಸ್ವೀಕರಿಸಿತು. ದೊರೆತನವಿಲ್ಲದ ನಾಡಿಗೆ ಆಟದ ಕಣದಲ್ಲಿ ಒಂದು ಮಣೆ ದೊರೆಯಿತು.

ಮಣೆ ದೊರೆತೊಡನೆ ಮರ್ಯಾದೆಯೂ ದೊರೆಯಿತೆಂದು ಭಾವಿಸಬಾರದು. ಬೊಹೀಮಿಯಾದ ಯುವಕರು ಚೆಂಡಿನಿಂದಾಡುವ ಬ್ಯಾಂಡಿ ಎಂಬ ಆಟದಲ್ಲಿ ಪಳಗಿದವರು; ಬಿಲ್ಲೆಯ ಆಟ ಅವರಿಗೆ ಹೊಸದು. 1909ರ ಜನವರಿಯಲ್ಲಿ ಫ್ರಾನ್ಸಿನ ಶಾಮೋನಿಯಲ್ಲಿ ಆಡಿದ ಪಂದ್ಯಗಳೆಲ್ಲವನ್ನೂ ಸೋತು ಊರಿಗೆ ಮರಳಿದರು. ಎರಡೇ ವರ್ಷಗಳ ತರುವಾಯ, 1911ರ ಫೆಬ್ರವರಿಯಲ್ಲಿ, ಬರ್ಲಿನ್ ನಗರದಲ್ಲಿ ಜರ್ಮನಿ, ಬೆಲ್ಜಿಯಂ, ಸ್ವಿಟ್ಜರ್ಲೆಂಡ್ ಮೂವರನ್ನೂ ಸೋಲಿಸಿ ಅವರೇ ಯೂರೋಪಿನ ಚಾಂಪಿಯನ್ನರಾದರು!

ಮರುವರ್ಷ ಪಂದ್ಯಾವಳಿ ಪ್ರಾಗ್ ನಗರದಲ್ಲಿಯೇ ನಡೆಯಿತು. ಬೊಹೀಮಿಯಾ, ಜರ್ಮನಿ, ಆಸ್ಟ್ರಿಯಾ ಈ ಮೂರೇ ಪಕ್ಷಗಳು. ಬೊಹೀಮಿಯಾ ಜರ್ಮನಿಯೊಡನೆ ಸಮ ಮಾಡಿಕೊಂಡು, ಆಸ್ಟ್ರಿಯಾವನ್ನು ಸೋಲಿಸಿ ಅಗ್ರಸ್ಥಾನಕ್ಕೆ ಬಂದಿತು. ಆಳುವವರ ಪಕ್ಷವನ್ನು ಆಳಿಸಿಕೊಳ್ಳುವವರ ಪಕ್ಷವು, ತನ್ನ ಊರಿನಲ್ಲಿ, ತನ್ನ ಜನರ ಕಣ್ಣೆದುರಿನಲ್ಲಿ ಗೆದ್ದಿತು. ಆದರೆ ಈ ಹರ್ಷ ಬಹುಕಾಲ ನಿಲ್ಲಲಿಲ್ಲ. ಪಂದ್ಯಗಳು ನಡೆದಾಗ ಆಸ್ಟ್ರಿಯಾ ಅಂತರರಾಷ್ಟ್ರೀಯ ಸಂಘದ ಸದಸ್ಯನಾಗಿರಲಿಲ್ಲವೆಂಬ ಆಕ್ಷೇಪಣೆಯು ಬಂದು, ಮಾರ್ಚ್ ತಿಂಗಳಲ್ಲಿ ಇಡೀ ಪಂದ್ಯಾವಳಿಯೇ ರದ್ದಾಯಿತು. ಇದರೊಳಗಿನ ವಿನೋದವನ್ನು ಗಮನಿಸಬೇಕು. ಭೂಪಟದಲ್ಲಿ ಆಸ್ಟ್ರಿಯಾ ದೊಡ್ಡ ಸಾಮ್ರಾಜ್ಯ, ಬೊಹೀಮಿಯಾ ಅದರೊಂದು ಪ್ರಾಂತ. ಸಂಘದ ದಫ್ತರದಲ್ಲಿಯಾದರೋ ಬೊಹೀಮಿಯಾ ನಾಲ್ಕು ವರ್ಷಗಳ ಹಳೆಯ ಸದಸ್ಯ, ಆಸ್ಟ್ರಿಯಾ ಬಾಗಿಲ ಹೊರಗೆ ನಿಂತವನು. ಒಡೆಯನಿಗೆ ಅರ್ಹತೆಯಿಲ್ಲದ ಕಾರಣದಿಂದ ಒಕ್ಕಲಿನ ಜಯ ಕಳೆಯಿತು!

ಆಟಗಾರರು ಇದರಿಂದ ಎದೆಗುಂದಲಿಲ್ಲ. 1913ರಲ್ಲಿ ಮ್ಯೂನಿಕ್ ನಗರದಲ್ಲಿ ಬೆಲ್ಜಿಯಂ ಗೆದ್ದಿತಾದರೂ, 1914ರ ಫೆಬ್ರವರಿಯಲ್ಲಿ ಬರ್ಲಿನಿನಲ್ಲಿ ಬೊಹೀಮಿಯಾ ಮತ್ತೆ ಚಾಂಪಿಯನ್ ಆಯಿತು. ಆರು ತಿಂಗಳು ಕಳೆಯುವುದರೊಳಗೆ ಮಹಾಯುದ್ಧವು ಆರಂಭವಾಗಿ, ಒಂದೇ ಕಣದಲ್ಲಿ ಕೋಲು ಹಿಡಿದು ಆಡಿದ್ದ ದೇಶಗಳು ಕೋವಿ ಹಿಡಿದು ಎದುರೆದುರು ನಿಂತವು. ಯುದ್ಧದ ಕೊನೆಯಲ್ಲಿ ಸಾಮ್ರಾಜ್ಯವು ಒಡೆದು, 1918ರ ಅಕ್ಟೋಬರ್ 28ರಂದು ಚೆಕೊಸ್ಲೊವಾಕಿಯಾ ಎಂಬ ಗಣರಾಜ್ಯವು ಉದಯಿಸಿತು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಈ ಹೊಸ ರಾಷ್ಟ್ರದ ಪಕ್ಷವು ಕೆನಡಾದಿಂದ 15 ಗೋಲುಗಳನ್ನೂ ಅಮೆರಿಕಾದಿಂದ 16 ಗೋಲುಗಳನ್ನೂ ತಿಂದು, ತಾನು ಒಂದನ್ನೂ ಹಾಕಲಾರದೆ ಸೋತಿತು. ಬಳಿಕ ಸ್ವೀಡನ್ನಿನ ಮೇಲೆ ಹಾಕಿದ ಒಂದೇ ಒಂದು ಗೋಲಿನಿಂದ ಕಂಚಿನ ಪದಕವನ್ನು ಪಡೆಯಿತು. ಯೂರೋಪಿನ ಪ್ರತ್ಯೇಕ ಪಂದ್ಯಾವಳಿಯು 1932ರಲ್ಲಿ ಬರ್ಲಿನ್ ನಗರದಲ್ಲಿ ಕೊನೆಯ ಬಾರಿ ನಡೆದು ಸ್ವೀಡನ್ ಗೆದ್ದಿತು. ಅನಂತರ, ವಿಶ್ವ ಪಂದ್ಯಾವಳಿಯಲ್ಲಿ ಮುಂದೆ ಬಂದ ಯೂರೋಪಿನ ಪಕ್ಷಕ್ಕೆ ಆ ಬಿರುದನ್ನು 1991ರವರೆಗೆ ಕೊಡುತ್ತಿದ್ದರು.

ಇನ್ನು ನಮ್ಮ ಕಡೆಗೆ ನೋಡೋಣ. 1928ರಲ್ಲಿ ಆಂಸ್ಟರ್‌ಡ್ಯಾಮ್ ನಗರದಲ್ಲಿ ಹುಲ್ಲಿನ ಮೇಲಣ ಹಾಕಿಯಲ್ಲಿ ಚಿನ್ನದ ಪದಕವನ್ನು ಗೆದ್ದಾಗ ಭಾರತವು ಸ್ವತಂತ್ರವಾಗಿರಲಿಲ್ಲ. ಪದಕದ ಪಟ್ಟಿಯಲ್ಲಿ ಮಾತ್ರ ಅದರ ಹೆಸರು ಸ್ವತಂತ್ರವಾಗಿಯೇ ನಿಂತಿತು. ಮೈಸೂರು ಸಂಸ್ಥಾನವೂ ಹಾಗೆಯೇ. 1934ರ ನವೆಂಬರ್‌ನಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ ರಣಜಿ ಟ್ರೋಫಿಯ ಪ್ರಪ್ರಥಮ ಪಂದ್ಯವನ್ನಾಡಿದ ಮೈಸೂರು ಪಕ್ಷವು ಒಂದೇ ದಿನದೊಳಗೆ ಸೋತು ಎದ್ದಿತು. ಶಾಮೋನಿಯ ಸೋಲಿಗೂ ಇದಕ್ಕೂ ಎಷ್ಟು ಹೋಲಿಕೆ! ಅದೇ ಮೈಸೂರು 1941–42ರಲ್ಲಿ ಅಂತಿಮ ಪಂದ್ಯದವರೆಗೆ ಹೋಗಿ ಮುಂಬಯಿಗೆ ಮಣಿಯಿತು. 1973ರ ನವೆಂಬರ್ 1ರಂದು ರಾಜ್ಯವು ಕರ್ನಾಟಕವೆಂಬ ಹೆಸರನ್ನು ತಾಳಿತು. ಆ ಸಾಲಿನಲ್ಲಿಯೇ ರಣಜಿ ಟ್ರೋಫಿ ಮೊದಲ ಬಾರಿಗೆ ನಮ್ಮದಾಯಿತು.

ಬೊಹೀಮಿಯಾ ಎಂಬ ಪಕ್ಷ ಇಂದಿಲ್ಲ. ಚೆಕೊಸ್ಲೊವಾಕಿಯಾವೂ 1992ರ ಕೊನೆಗೆ ಎರಡಾಯಿತು. ಮೈಸೂರು ಸಂಸ್ಥಾನವೂ ಇಲ್ಲ. ರಾಜ್ಯಗಳ ಗಡಿ ಹೀಗೆ ಅಳಿಸಿಹೋಗುತ್ತದೆ. 1911ರ ಸಾಲಿನ ಎದುರಿಗೆ ಬರೆದ ಬೊಹೀಮಿಯಾ ಎಂಬ ಹೆಸರು ಅಳಿಸಿಲ್ಲ. ಅದನ್ನು ಅಲ್ಲಿ ಬರೆಸಿದವರು ಮಂತ್ರಿಗಳಲ್ಲ, ಸೇನಾಪತಿಗಳಲ್ಲ; ಸೋತು ಮನೆಗೆ ಬಂದು, ಮತ್ತೆ ಕೋಲು ಹಿಡಿದು ಹೊರಟ ಕೆಲವು ಯುವಕರು. ನಾಟಕದವರ ಬಾಯಿಂದ ತಮ್ಮ ಊರಿನ ಹೆಸರು ದೇಶದಲ್ಲಿ ಹರಡಿದುದನ್ನು ಬಲ್ಲ ಗುಬ್ಬಿಯ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ.