ಬೀರ್ ತರೋ ಡಬ್ಬಿ

ಹೆಸರು ನೋಡಿ ಮೂಗು ಮುರೀಬ್ಯಾಡ್ರಿ ವೈನಿ, ಇದು ಕುಡಿಯೋದರ ಬಗ್ಗೆ ಅಲ್ಲ, ಭಾಂಡೇದ ಬಗ್ಗೆ. ಅಮೆರಿಕಾದಾಗ ಮಕ್ಕಳ ಮನಿಗೆ ಹೋಗಿ ಬಂದವ್ರು ಅಡಗಿಮನಿ ಕಟ್ಟಿ ಮ್ಯಾಲೆ ಕಂದು ಬಣ್ಣದ ದೊಡ್ಡ ಗಾಜಿನ ಬಾಟ್ಲಿ ನೋಡಿರಬೇಕು, ಕುತ್ತಿಗಿ ಹತ್ರ ಸಣ್ಣ ಹಿಡಿಕಿ ಇರ್ತದ. ಅದಕ್ಕ ಗ್ರೌಲರ್ ಅಂತಾರ. 64 ಔನ್ಸ್, ಅಂದ್ರ ಎರಡು ಲೀಟರಿಗೆ ಸ್ವಲ್ಪ ಕಡಿಮಿ ಹಿಡೀತದ. ಊರಾಗಿನ ಸಣ್ಣ ಬೀರ್ ಭಟ್ಟಿಗೆ ಖಾಲಿ ಒಯ್ಯೂದು, ನಳದಿಂದ ತುಂಬಿಸಿಕೊಂಡು ಬರೂದು, ಮುಗದ ಮ್ಯಾಲೆ ತೊಳದು ಮತ್ತ ಒಯ್ಯೂದು. ನಾವು ಗಾಣಕ್ಕ ಎಣ್ಣಿ ಡಬ್ಬಿ ಒಯ್ದಂಗ.

ಈಗಿನ ಹುಡುಗರಿಗೆ ಇದು ಹೊಸಾ ಫ್ಯಾಶನ್. ಖರೇ ಅಂದ್ರ ನೂರು ವರ್ಷಕ್ಕೂ ಹಳೇದು. 1880-90ರ ಸುಮಾರಿಗೆ ನ್ಯೂಯಾರ್ಕಿನ ಬಡವರ ಓಣಿಗಳೊಳಗ ಗ್ರೌಲರ್ ಅಂದ್ರ ತಗಡಿನ ಡಬ್ಬಿ, ತಂತಿ ಹಿಡಿಕಿದು, ನಮ್ಮ ಹಾಲಿನ ಕ್ಯಾನ್ ಇದ್ದಂಗ. ಅದನ್ನ ಸಲೂನಿಗೆ ಕಳಿಸಿ ಬೀರ್ ತರಸ್ತಿದ್ರು. ಸಲೂನ್ ಅಂದ್ರ ಕಟಿಂಗ್ ಅಂಗಡಿ ಅಲ್ರೀ, ಅಲ್ಲಿ ಹೆಂಡದಂಗಡಿಗೆ ಹಂಗಂತಿದ್ರು. ಡಬ್ಬಿ ಒಳಗ ಚರ್ಬಿ ಸವರಿದ್ರ ನೊರಿ ಕಡಿಮಿ ಆಗಿ ಬೀರ್ ಜಾಸ್ತಿ ಬೀಳ್ತದಂತ ಹಂಗ ಸವರಿ ಕಳಸ್ತಿದ್ರಂತ. ಬಡತನದಾಗ ತಲಿ ಎಷ್ಟು ಓಡ್ತದ ನೋಡ್ರಿ!

ಆದ್ರ ಡಬ್ಬಿ ಹಿಡಕೊಂಡು ಓಡ್ತಿದ್ದವ್ರು ಯಾರು? ಮಕ್ಕಳು. ಅಪ್ಪ ದಣದು ಬಂದಿರ್ತಿದ್ದ, ಅವ್ವ ಸಲೂನಿನ ಮುಂಬಾಗಲದಾಗ ಹೋಗೋ ಹಂಗಿಲ್ಲ, ಸಣ್ಣವ್ರನ್ನ ಅಟ್ಟೂದು. ಜೇಕಬ್ ರೀಸ್ ಅಂತ ಒಬ್ಬ ಪತ್ರಕರ್ತ, ಡೆನ್ಮಾರ್ಕಿನಿಂದ ಬಂದಾಂವ, ಆ ಓಣಿಗಳನ್ನ ಸುತ್ತಿ ಫೋಟೋ ತಗದು 1890ರಾಗ ಪುಸ್ತಕ ಬರದ. ಮಕ್ಕಳಿಗೆ ಬೀರ್ ಮಾರಬಾರ್ದು ಅಂತ ಕಾಯ್ದೆ ಇದ್ರೂ ಅಲ್ಲಿ ಯಾರೂ ಕ್ಯಾರೇ ಅಂತಿದ್ದಿಲ್ಲ, ಡಬ್ಬಿ ಹೊತ್ತ ಹುಡುಗ್ರು ಮುಂದ ಪುಂಡರ ಗುಂಪು ಸೇರ್ತಾರ ಅಂತ ಸಿಟ್ಟಿಲೆ ಬರದಾನ.

ಇದನ್ನ ಓದಿದಾಗ ನನಗ ನಮ್ಮ ಓಣಿನೇ ನೆನಪಾತು. ನನ್ನ ಜೋಡಿ ನಾಕನೇತ್ತಾ ಓದೋ ಒಬ್ಬಾಕಿ ಸಂಜಿಮುಂದ ಬಾಟ್ಲಿ ಲಂಗದ ಮರಿಗೆ ಹಿಡಕೊಂಡು ಸರಾಯಿ ಅಂಗಡಿಗೆ ಹೋಗ್ತಿದ್ಲು. ಎಲ್ಲಿಗೆ ಅಂದ್ರ "ಚಿಮಣಿ ಎಣ್ಣಿ ತರ್ಲಿಕ್ಕೆ" ಅಂತಿದ್ಲು. ಎಲ್ಲಾರಿಗೂ ಗೊತ್ತಿತ್ತು, ಅಂಗಡಿಯಾಂವ ಮಾತ್ರ ಯಾರಿಗೆ ಅಂತ ಒಂದಿನಾನೂ ಕೇಳಲಿಲ್ಲ. ಆರನೇತ್ತಾಕ್ಕ ಸಾಲಿ ಬಿಟ್ಲು. ನಮ್ಮ ರಾಜ್ಯದಾಗ ಸರಾಯಿ ಬಂದ್ ಆಗಿದ್ದು 2007ರ ಜುಲೈ 1ಕ್ಕ. ಅಷ್ಟೊತ್ತಿಗೆ ಆಕಿ ಮಗಳ ಲಗ್ನದ ಮಾತು ನಡದಿತ್ತು.

ಇರ್ಲಿ, ಅಮೆರಿಕಾಕ್ಕ ಬರೋಣ. ಅಲ್ಲಿ 1920ರಿಂದ 1933ರ ತನಕ ದೇಶಕ್ಕೆಲ್ಲಾ ಪಾನನಿಷೇಧ. ಆಮ್ಯಾಲೆ 1935ಕ್ಕ ಡಬ್ಬಿ ಬೀರ್ ಬಂತು, ಮನಿ ಮನಿಗೆ ಫ್ರಿಜ್ ಬಂತು, ತಗಡಿನ ಗ್ರೌಲರ್ ಅಟ್ಟಾ ಸೇರಿತು. ಮತ್ತ ಎಬ್ಬಿಸಿದವ್ರು ವಯೋಮಿಂಗ್ ರಾಜ್ಯದ ಓಟೋ ಅಣ್ಣತಮ್ಮಂದಿರು, 1989ರಾಗ. ಸಣ್ಣ ಭಟ್ಟಿ ಅವರದು, ಗಿರಾಕಿಗಳಿಗೆ ಮನಿಗೆ ಒಯ್ಯಾಕ ಬೀರ್ ಬೇಕು, ಬಾಟ್ಲಿ ತುಂಬೋ ಮಷಿನ್ನಿಗೆ ರೊಕ್ಕ ಇಲ್ಲ. ಅವರಪ್ಪ ಹಳೇ ಡಬ್ಬಿ ನೆನಪು ಮಾಡಿಕೊಟ್ರು. ಇವ್ರು ಗಾಜಿನ ಜಗ್ಗಿನ ಮ್ಯಾಲೆ ಹೆಸರು ಛಾಪಿಸಿ ಮಾರಿದ್ರು. ಈಗ ಆ ದೇಶದಾಗ 9 ಸಾವಿರಕ್ಕೂ ಹೆಚ್ಚು ಭಟ್ಟಿ ಅವ, ಬಾಟ್ಲಿ ಎಲ್ಲಾ ಕಡೆ. ಫ್ಲೋರಿಡಾದ ಕಾಯ್ದೆ ಅಂತೂ ನಗಿ ಬರಸ್ತದ: 32 ಔನ್ಸ್ ನಡೀತಿತ್ತು, 128 ನಡೀತಿತ್ತು, ನಡುವಿನ 64 ಮಾತ್ರ 2015ರ ತನಕ ಬ್ಯಾಡ!

ಈಗ ತುಂಬಿಸಿಕೊಳ್ಳೋರಿಗೆ 21 ವರ್ಷ ಆಗಿರಬೇಕು. ಸಣ್ಣ ಹುಡುಗರನ್ನ ಕಳಿಸಿದ್ರ ಕೊಡೂದಿಲ್ಲ, ಅದೊಂದು ನನಗ ಭಾಳ ಸಮಾಧಾನ. ಒಮ್ಮೆ ಮುಚ್ಚಳ ತಗದ್ರ ಒಂದೆರಡು ದಿನದಾಗ ಗ್ಯಾಸ್ ಹೋಗಿ ಸಪ್ಪಗಾಗ್ತದ. ಖಾಲಿ ಆದಕೂಡ್ಲೆ ಬಿಸಿನೀರಿಲೆ ಗಲಬರಿಸಿ ಬೋರಲು ಇಡಬೇಕು, ಇಲ್ಲಂದ್ರ ಹುಳಿ ಮಜ್ಜಿಗಿ ಗಡಿಗಿಗಿಂತ ಕೆಟ್ಟ ವಾಸನಿ. ಮುಂದಿನ ಸಲ ಹೋದಾಗ ಅದನ್ನ ಆ ಮನ್ಯಾಗ ತೊಳಿಯೋರು ಯಾರು ಅಂತ ನೋಡಿ ಬಂದು ಹೇಳ್ರಿ.